ಹೊಸ್ತಿಲ ಪ್ರಶ್ನೆಗಳು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದಿರುವುದೇ ಸತೀಧರ್ಮವೆಂದು ನಂಬಿದ್ದ ನಮ್ಮ ಸೇಡಂ ಸೀಮೆಯ ಹಿರಿಯರು, ಅದೇ ಹೆಸರನ್ನು ಹೇಳಿದ ಹೊರತು ನವವಧುವನ್ನು ಹೊಸ್ತಿಲು ದಾಟಗೊಡದ ಪದ್ಧತಿಯನ್ನೂ ಇಟ್ಟುಕೊಂಡಿದ್ದರೆಂಬುದು ವಿನೋದದ ಸಂಗತಿ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ‘ಹೆಸರ ಹೇಳವಾ, ಆಮ್ಯಾಲ ಒಳಗ ಬಾ’ ಎಂದು ಕಾಡುವರು. ಹುಡುಗಿ ತಲೆತಗ್ಗಿಸಿ ಒಡಪು ಹಾಕಿ, ಅದರೊಳಗೆ ಹೆಸರನ್ನು ಹುದುಗಿಸುವಳು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಅದರಲ್ಲಿ ಅನುತ್ತೀರ್ಣರಾದವರನ್ನು ನಾನು ಕಂಡಿಲ್ಲ.

ಚಿಂಚೋಳಿಯಲ್ಲಿರುವ ಅಣ್ಣನ ಮಗಳು ಅಮೆರಿಕದ ಪೌರನಾದ ನಮ್ಮವನೊಬ್ಬನ ಕೈಹಿಡಿದ ಬಳಿಕ, ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನ ಸಂದರ್ಶನಕ್ಕೆ ಅವಳನ್ನು ಸಿದ್ಧಗೊಳಿಸುವ ಭಾರ ನನ್ನ ಮೇಲೆ ಬಿದ್ದಿತು. ‘ಕಾಕಾ, ಅವರ ಹೆಸರ ಹೇಳಬ್ಯಾಡ ಅಂತಾಳ ಆಯಿ. ಸಾಹೇಬರ ಮುಂದೂ ಒಡಪು ಹಾಕ್ಲೇನು?’ ಎಂದಳು ಅವಳು.

ಈ ಮದುವೆ ನಿಜವೋ ಕಪಟವೋ ಎಂಬ ಆ ಸಾಹೇಬರ ಸಂಶಯಕ್ಕೂ ಒಂದು ಚರಿತ್ರೆಯುಂಟು. 1917ರ ಶಾಸನದಿಂದ ಭಾರತೀಯರ ವಲಸೆಗೆ ಬಾಗಿಲಿಕ್ಕಿದ್ದ ಅಮೆರಿಕವು 1946ರಲ್ಲಿ ವರ್ಷಕ್ಕೆ 100 ಮಂದಿಗಾಗಿ ಅದನ್ನು ಕೊಂಚ ತೆರೆಯಿತು. 1965ರ ಶಾಸನವು ಕುಟುಂಬಸಂಬಂಧಕ್ಕೆ ಪ್ರಾಶಸ್ತ್ಯವಿತ್ತಿತು. ದಾರಿಯಿದ್ದೆಡೆ ಕಳ್ಳದಾರಿಯೂ ಹುಟ್ಟುವುದರಿಂದ, 1986ರಲ್ಲಿ ಕಪಟ ವಿವಾಹಗಳನ್ನು ತಡೆಯುವ ಕಾನೂನು ಬಂದು, ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮೊದಲು ಎರಡು ವರ್ಷಗಳ ಷರತ್ತಿನ ವಾಸಾನುಮತಿಯನ್ನಷ್ಟೇ ನೀಡುವ ಏರ್ಪಾಡಾಯಿತು.

ನಮ್ಮಲ್ಲಿ ಇಂಥ ಸಂಶಯಕ್ಕೆ ಅವಕಾಶವೆಲ್ಲಿತ್ತು! 1874ರಲ್ಲಿ ನಿಜಾಮರ ರೈಲುದಾರಿ ವಾಡಿಯಿಂದ ಸಿಕಂದರಾಬಾದಿಗೆ ಸಾಗಿದಂದಿನಿಂದ ಚಿತ್ತಾಪುರ, ಸೇಡಂಗಳ ಎಷ್ಟೋ ದಿಬ್ಬಣಗಳು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿವೆ. ಪರಸೀಮೆಯಿಂದ ಬಂದ ಸರಕಿಗೆ ನಿಜಾಮರ ಸುಂಕದ ಇಲಾಖೆಯಾದ ಕರೋಡಗಿರಿಯವರು ಸುಂಕ ಕೇಳುತ್ತಿದ್ದರೇ ಹೊರತು, ಈತ ನಿನ್ನ ಪತಿಯೆಂಬುದಕ್ಕೆ ಪುರಾವೆಯೇನೆಂದು ವಧುವನ್ನು ಕೇಳಿದವರಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ ಎಡೆಯಿದ್ದರೂ, 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಕಡ್ಡಾಯಗೊಳಿಸುವಂತೆ ಆದೇಶಿಸಿದ್ದರೂ, ಊರೆಲ್ಲ ಅಕ್ಕಿಕಾಳು ಹಾಕಿದ ಮೇಲೆ ಸರ್ಕಾರದ ಮುದ್ರೆ ಏತಕ್ಕೆಂಬ ಔದಾಸೀನ್ಯ ನಮ್ಮನ್ನು ಬಿಟ್ಟಿಲ್ಲ. ಅಣ್ಣನ ಮಗಳ ಮದುವೆಯಲ್ಲಿಯೂ ನಾವು ಶ್ರದ್ಧೆಯಿಂದ ಬರೆದಿಟ್ಟ ದಾಖಲೆಯೆಂದರೆ ಆಹೇರಿನ ವಹಿಯೊಂದೇ: ಶಹಾಬಾದಿನ ಬೀಗರಿಂದ ಹಿತ್ತಾಳೆಯ ಕೊಡ, ಚಿತ್ತಾಪುರದ ಸೋದರಮಾವನಿಂದ ಸೀರೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಗೆಳೆಯರಿಂದ 501 ರೂಪಾಯಿ.

ಆ ವಹಿಯನ್ನು ಬದಿಗಿರಿಸಿ ವಿವಾಹ ಪ್ರಮಾಣಪತ್ರ, ಜನನಪತ್ರ, ಪೊಲೀಸ್ ಪ್ರಮಾಣಪತ್ರ, ಪತಿಯ ಆರ್ಥಿಕ ಹೊಣೆಯ ಪ್ರಮಾಣಪತ್ರ, ಲಗ್ನಪತ್ರಿಕೆ, ಭಾವಚಿತ್ರಗಳನ್ನು ಅನುಕ್ರಮವಾಗಿ ಜೋಡಿಸಿದೆವು. ಉತ್ತರಗಳನ್ನು ಕಂಠಪಾಠ ಮಾಡುವೆನೆಂದವಳನ್ನು ನಾನೇ ತಡೆದೆ. ಹಿರಿಯರು ಕೂಡಿಸಿದ ಸಂಬಂಧದಲ್ಲಿ ವಧೂವರರ ಪರಿಚಯಕ್ಕಿಂತ ಬೀಗರ ಪರಿಚಯ ಮೊದಲಾಗುವುದು ಸಹಜ. ಅದನ್ನು ಮರೆಮಾಚಿ ಪ್ರೇಮಕಥೆ ಹೆಣೆಯಹೊರಟರೆ, ಪ್ರಾಮಾಣಿಕವಾದ ಮದುವೆಯೂ ಕಪಟವಾಗಿ ತೋರೀತು. ತಿಳಿಯದುದನ್ನು ತಿಳಿಯದೆನ್ನುವುದೇ ಲೇಸು.

ಮಗಳನ್ನು ಪರದೇಶಕ್ಕೆ ಕೊಡುವ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ: ಅಕ್ಕಿಕಾಳು ಬಿದ್ದ ವಾರದಲ್ಲಿಯೇ ಉಪನೋಂದಣಿ ಕಚೇರಿಗೆ ಹೋಗಿ ಬನ್ನಿ, ಜನನಪತ್ರ, ಪಾಸ್‌ಪೋರ್ಟ್, ವಿವಾಹಪತ್ರ ಮೂರರಲ್ಲಿಯೂ ಅವಳ ಹೆಸರು ಅಕ್ಷರ ತಪ್ಪದೆ ಒಂದೇ ಬಗೆಯಾಗಿರುವುದೇ ಎಂದು ನೋಡಿಕೊಳ್ಳಿ.