ಭಾನುವಾರದ ಫೋನು

ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ಈಗಲೂ ಪ್ರತಿ ಭಾನುವಾರ ಸಂಜೆ ಊರಿನಿಂದ ಅಮ್ಮನ ಫೋನು ಬರುತ್ತದೆ. ಮಳೆ, ಅಡಿಕೆ, ಮೊಮ್ಮಗಳ ಶಾಲೆ ಎಲ್ಲ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ: "ಪೂಜೆಗೆ ಹೋಗಿದ್ದೆಯಾ?" ಹೋಗಿದ್ದರೆ ಹೌದು ಎನ್ನುತ್ತೇನೆ, ಹೋಗದಿದ್ದರೆ ಇಲ್ಲ ಎನ್ನುತ್ತೇನೆ. ಇಷ್ಟು ಸರಳವಾದ ಉತ್ತರ ಕೊಡುವುದನ್ನು ಕಲಿಯಲು ನಾನು ಬೆಲ್ಜಿಯಂವರೆಗೆ ಹೋಗಬೇಕಾಯಿತು.

2009ರ ಮಾತು. ನಾನು ಎಂ.ಟೆಕ್ ಓದುತ್ತಿದ್ದೆ. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದುವ ಅವಕಾಶ ಸಿಕ್ಕಿತು. ಹೋಗಬೇಕಾಗಿದ್ದದ್ದು ಲೂವೆನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ. ಅಲ್ಲಿನ ಕಂಪ್ಯೂಟರ್ ವಿಭಾಗ ಎಂಥದ್ದು ಎಂದು ನಾನು ವಿವರಿಸಲು ಹೊರಟರೆ ಅಮ್ಮ ಕೇಳಿಸಿಕೊಳ್ಳಲೇ ಇಲ್ಲ. ಹೆಸರಿನಲ್ಲಿ 'ಕ್ಯಾಥೊಲಿಕ್' ಇದೆ, 1425ರಲ್ಲಿ ಪೋಪರ ಅಪ್ಪಣೆಯಿಂದ ಶುರುವಾದದ್ದು ಎಂದ ತಕ್ಷಣ ಅವಳ ಅರ್ಧ ಚಿಂತೆ ಕಳೆಯಿತು. ಮಗ ಅಲ್ಲಿ ದಾರಿ ತಪ್ಪುವುದಿಲ್ಲ ಎಂದು ಅಕ್ಕಪಕ್ಕದವರಿಗೂ ಹೇಳಿಕೊಂಡು ಬಂದಳು.

ನಮ್ಮದು ಕಾರ್ಕಳದ ಹತ್ತಿರದ ಹಳ್ಳಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಗೆ ಹೋದರೆ ತುಳು. ಊರಿನಲ್ಲಿ ಭಾನುವಾರದ ಪೂಜೆಗೆ ಹೋಗಬೇಕೇ ಬೇಡವೇ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಒಂದು ವಾರ ತಪ್ಪಿಸಿದರೆ ವಾಡೆಯ ಗುರಿಕಾರರು ದಾರಿಯಲ್ಲಿ ನಿಲ್ಲಿಸಿ, "ಹುಷಾರಿಲ್ವಾ ಮಾರಾಯ?" ಎಂದು ಕೇಳುತ್ತಿದ್ದರು. ಕೇಳುವಷ್ಟರಲ್ಲಿ ಸುದ್ದಿ ಮನೆಗೂ ತಲುಪಿರುತ್ತಿತ್ತು.

ಕೋಣೆ ಹುಡುಕಬೇಕೆಂದು ನಾನು ಹೊರಟದ್ದು ಸೆಪ್ಟೆಂಬರ್ ಮೊದಲ ವಾರ. ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಒಯ್ದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮನೆಗಿಷ್ಟು ಎಂದು ಹಂಚುತ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕುಡಿದ ಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ಮನೆಯವರು ಯಾರಾದರೂ ದೂರದಲ್ಲಿದ್ದರೆ ಅವರ ಪಾಲಿನ ಕಾಳು ಅಂಚೆಯಲ್ಲಿ ಹೋಗುತ್ತದೆ. ಮುಂಬೈಯಲ್ಲಿದ್ದ ಚಿಕ್ಕಪ್ಪನಿಗೆ ಅಮ್ಮ ಹಾಗೆ ಕಳಿಸುವುದನ್ನು ನೋಡಿಯೇ ನಾನು ಬೆಳೆದದ್ದು. "ಮೂರು ದಿನ ತಡೆದು ಹೋಗಬಾರದಿತ್ತಾ?" ಎಂದು ಅವಳು ವಿಮಾನ ನಿಲ್ದಾಣದಲ್ಲೂ ಹೇಳಿದಳು.

ಲೂವೆನ್ ವಿದ್ಯಾರ್ಥಿಗಳ ಊರು. ಅವರು ಬಾಡಿಗೆಗೆ ಇರುವ ಕೋಣೆಗೆ 'ಕೋಟ್' ಎನ್ನುತ್ತಾರೆ. ಶುಕ್ರವಾರ ಸಂಜೆಯಾದರೆ ಎಲ್ಲರೂ ಒಗೆಯುವ ಬಟ್ಟೆ ತುಂಬಿದ ಸೂಟ್‌ಕೇಸ್ ಎಳೆದುಕೊಂಡು ರೈಲು ಹಿಡಿದು ಮನೆಗೆ ಹೋಗುತ್ತಾರೆ. ಭಾನುವಾರ ಅಂಗಡಿಗಳೂ ಮುಚ್ಚಿ ಊರು ಖಾಲಿ ಖಾಲಿ.

ಮೊದಲ ಭಾನುವಾರ ಸೇಂಟ್ ಪೀಟರ್ ಚರ್ಚಿಗೆ ಹೋದೆ. ಹದಿನೈದನೇ ಶತಮಾನದಲ್ಲಿ ಡಿರ್ಕ್ ಬೌಟ್ಸ್ ಬಿಡಿಸಿದ 'ಕೊನೆಯ ಭೋಜನ'ದ ಚಿತ್ರ ಇರುವುದು ಅಲ್ಲೇ. ಅಷ್ಟು ಎತ್ತರದ ಚರ್ಚಿನಲ್ಲಿ ನಲವತ್ತು ಐವತ್ತು ಜನ, ಹೆಚ್ಚಿನವರು ಅಜ್ಜ ಅಜ್ಜಿಯರು. ಪೂಜೆ ಡಚ್ ಭಾಷೆಯಲ್ಲಿ. ಒಂದು ಪದ ಅರ್ಥವಾಗದಿದ್ದರೂ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದೆಲ್ಲ ಗೊತ್ತಿತ್ತು. ಮುಗಿದ ಮೇಲೆ ಹೊರಗೆ ಬಂದು ನಿಂತೆ. ಯಾರೂ ಮಾತನಾಡಿಸಲಿಲ್ಲ. ನಾನು ಬಂದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ, ಬರದಿದ್ದರೂ ಗೊತ್ತಾಗುವುದಿಲ್ಲ ಎಂದು ಆಗ ಹೊಳೆಯಿತು. ನಿಜ ಹೇಳುತ್ತೇನೆ, ಖುಷಿಯಾಯಿತು. ಮುಂದಿನ ಭಾನುವಾರ ಹತ್ತು ಗಂಟೆಯವರೆಗೆ ಮಲಗಿದೆ.

ಮಧ್ಯಾಹ್ನ ಕಾಲಿಂಗ್ ಕಾರ್ಡಿನಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಪೂಜೆಗೆ ಹೋಗಿದ್ದೆಯಾ? ಹೋಗಿದ್ದೆ ಅಮ್ಮಾ. ಶುಭಸಂದೇಶ ಏನಿತ್ತು?

ಇಲ್ಲಿ ಓದುಗರಿಗೊಂದು ವಿಷಯ ಹೇಳಬೇಕು. ಕ್ಯಾಥೊಲಿಕ್ ಪೂಜೆಯಲ್ಲಿ ಯಾವ ಭಾನುವಾರ ಬೈಬಲ್ಲಿನ ಯಾವ ಭಾಗ ಓದಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಭಾನುವಾರಗಳಿಗೆ ಮೂರು ವರ್ಷದ ಒಂದು ಸುತ್ತು. ಕಾರ್ಕಳದಲ್ಲಿ ಕೊಂಕಣಿಯಲ್ಲಿ ಓದಿದ್ದನ್ನೇ ಅದೇ ದಿನ ಲೂವೆನ್‌ನಲ್ಲಿ ಡಚ್ ಭಾಷೆಯಲ್ಲಿ ಓದುತ್ತಾರೆ. ಅಂದರೆ ಸಾವಿರಾರು ಮೈಲಿ ದೂರದಲ್ಲಿ ಕುಳಿತ ಅಮ್ಮನ ಕೈಯಲ್ಲಿ ಉತ್ತರಪತ್ರಿಕೆ ಇತ್ತು! ಆ ದಿನ ಡಚ್ ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಂಡೆ. ಮುಂದಿನ ವಾರದಿಂದ ಫೋನಿಗೆ ಮೊದಲು ಇಂಟರ್‌ನೆಟ್ಟಿನಲ್ಲಿ ಹುಡುಕಿ ಓದಿಕೊಳ್ಳತೊಡಗಿದೆ. ಊರಿನಲ್ಲಿ ಪೂಜೆಯ ಹೊತ್ತಿಗೆ ಕ್ರಿಕೆಟ್ ಯೋಚಿಸುತ್ತಿದ್ದವನು ಸುಳ್ಳು ಹೇಳುವುದಕ್ಕಾಗಿ ಪ್ರತಿ ವಾರ ಬೈಬಲ್ ಓದುವಂತಾದೆ.

ಅಕ್ಟೋಬರ್ 11ರಂದು ಮಾರ್ಕನ ಶುಭಸಂದೇಶ. ಆಸ್ತಿಯನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದಾಗ ಮುಖ ಬಾಡಿಸಿಕೊಂಡು ಹೊರಟುಹೋದ ಶ್ರೀಮಂತನ ಕತೆ. ನಾನು ಸರಿಯಾಗಿ ಒಪ್ಪಿಸಿದೆ. ಆದರೆ ಅಮ್ಮನ ಮನಸ್ಸು ಬೇರೆಡೆ ಇತ್ತು. ಅದೇ ದಿನ ರೋಮ್‌ನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್, ಫಾದರ್ ಡಾಮಿಯನ್ ಅವರನ್ನು ಸಂತ ಎಂದು ಘೋಷಿಸಿದ್ದರು. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆ ಬದುಕಿ, ಅದೇ ರೋಗದಿಂದ 1889ರಲ್ಲಿ ತೀರಿಕೊಂಡವರು. ಹುಟ್ಟಿದ್ದು ಲೂವೆನ್ ಹತ್ತಿರದ ಟ್ರೆಮೆಲೊದಲ್ಲಿ, ಸಮಾಧಿ ಇರುವುದು ಲೂವೆನ್‌ನಲ್ಲೇ. ಅಮ್ಮ ನರ್ಸಿಂಗ್ ಕಲಿತದ್ದು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ. ಅಲ್ಲಿ 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. ಹಾಗಾಗಿ ಡಾಮಿಯನ್ ಅವಳಿಗೆ ಗೊತ್ತಿದ್ದ ಹೆಸರು. "ನನ್ನ ಲೆಕ್ಕದಲ್ಲಿ ಒಂದು ಮೇಣದ ಬತ್ತಿ ಹಚ್ಚು" ಎಂದಳು. ಮುಂದಿನ ವಾರ ಕೇಳಿದಾಗ "ಹಚ್ಚಿದೆ" ಎಂದೆ. ಹಚ್ಚಿರಲಿಲ್ಲ.

ಆ ವಾರವೇ ಒಂದು ಲಕೋಟೆ ಬಂತು. ಒಳಗೆ ನೋಟ್‌ಪುಸ್ತಕದ ಹಾಳೆಯಲ್ಲಿ ಮಡಿಸಿಟ್ಟ ಏಳು ಭತ್ತದ ಕಾಳು. ಮೇಜಿನ ಡ್ರಾಯರಿಗೆ ಹಾಕಿ ಮರೆತೆ. "ಸಿಕ್ಕಿತು, ಹಾಲಿಗೆ ಹಾಕಿ ಕುಡಿದೆ" ಎಂದು ಹೇಳಿದ್ದು ಮಾತ್ರ ನೆನಪಿದೆ.

ಅಕ್ಟೋಬರ್ ಕೊನೆಗೆ ಲೂವೆನ್‌ನ ಅಂಗಡಿಗಳ ಮುಂದೆಲ್ಲ ಸೇವಂತಿಗೆ ಗಿಡದ ಕುಂಡಗಳು. ಇವರೂ ನಮ್ಮ ಹಾಗೆ ಸೇವಂತಿಗೆ ಇಷ್ಟಪಡುತ್ತಾರೆ ಎಂದುಕೊಂಡು ಓಡಾಡಿದೆ. ನವೆಂಬರ್ 1 ಭಾನುವಾರ. ಕ್ಯಾಲೆಂಡರಿನಲ್ಲಿ ಮೂವತ್ತೊಂದನೇ ಸಾಮಾನ್ಯ ಭಾನುವಾರದ ಪಾಠ ಹುಡುಕಿ, ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಎಂಬ ಭಾಗವನ್ನು ಓದಿಕೊಂಡು, ಅಮ್ಮನಿಗೆ ವಿವರವಾಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇವತ್ತು ಸಕಲ ಸಂತರ ಹಬ್ಬ ಅಲ್ವಾ ಪುತಾ? ಇಲ್ಲಿ ಬೆಟ್ಟದ ಮೇಲಿನ ಪ್ರಸಂಗ ಓದಿದರು."

ಹಬ್ಬ ಭಾನುವಾರ ಬಿದ್ದರೆ ಆ ದಿನದ ಪಾಠವೇ ಬದಲಾಗುತ್ತದೆ. ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ಸೇವಂತಿಗೆಯೂ ಅದಕ್ಕೇ. ಬೆಲ್ಜಿಯಂನವರು ಆ ಹಬ್ಬಕ್ಕೆ ತಮ್ಮವರ ಸಮಾಧಿಯ ಮೇಲೆ ಸೇವಂತಿಗೆ ಇಡುತ್ತಾರೆ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಕಾರ್ಡಿನ ನಿಮಿಷಗಳು ಸುಮ್ಮನೆ ಕರಗುತ್ತಿದ್ದವು.

"ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡ. ನನ್ನ ಹತ್ತಿರ ಹೋದೆ ಅಂತ ಹೇಳಬೇಡ" ಎಂದಳು. ಆಮೇಲೆ ಸ್ವಲ್ಪ ತಡೆದು, "ತೆನೆಯಾದರೂ ತಿಂದೆಯಾ?"

"ಇಲ್ಲ ಅಮ್ಮಾ."

"ಬತ್ತಿ?"

"ಇಲ್ಲ."

ಅವಳು ಅಳುತ್ತಿದ್ದಳೋ ಏನೋ, ಫೋನ್ ಅಪ್ಪನ ಕೈಗೆ ಹೋಯಿತು. ಅಪ್ಪ ಚಳಿ ಹೇಗಿದೆ ಎಂದು ಕೇಳಿದರು.

ಮರುದಿನ ಸಂಜೆ ಅಡುಗೆಮನೆಯಲ್ಲಿ ಕುಳಿತು ಉಗುರಿನಿಂದ ಭತ್ತ ಸುಲಿದೆ. ಪಕ್ಕದ ಕೋಣೆಯ ಫ್ಲೆಮಿಶ್ ಹುಡುಗ ಏನಿದು ಎಂದು ಕೇಳಿದ. ಅವನಿಗೂ ಜ್ಞಾನಸ್ನಾನವಾಗಿತ್ತು. ಚರ್ಚಿಗೆ ಹೋಗುವುದು ಮಾತ್ರ ಅವನ ಅಜ್ಜಿ. ವಿವರಿಸಿದೆ. "ಇದು ಕ್ಯಾಥೊಲಿಕ್ ಪದ್ಧತಿಯೋ ಭಾರತದ ಪದ್ಧತಿಯೋ?" ಎಂದ. ಗದ್ದೆಯ ಹೊಸ ಬೆಳೆ ಮನೆಗೆ ತರುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ನಮ್ಮಲ್ಲಿ ಅದು ಮರಿಯಮ್ಮನ ಹಬ್ಬದ ದಿನ ಎಂದೆ. ಕಾಳನ್ನು ಚಮಚದ ಹಿಂಬದಿಯಿಂದ ಜಜ್ಜಿ ಬಿಸಿ ಹಾಲಿಗೆ ಹಾಕಿ ಇಬ್ಬರೂ ಕುಡಿದೆವು. ಸಕ್ಕರೆ ಕಡಿಮೆಯಾಯಿತು ಎಂದ ಅವನು.

ಆ ವಾರವೇ ಸೇಂಟ್ ಆಂಟನಿ ಚಾಪೆಲ್ ಹುಡುಕಿಕೊಂಡು ಹೋದೆ. ನೆಲಮಾಳಿಗೆಯಲ್ಲಿ ಡಾಮಿಯನ್ ಸಮಾಧಿ. 1863ರಲ್ಲಿ ಹವಾಯಿಗೆ ಹೊರಟ ಮಗ ಜೀವಂತವಾಗಿ ಮರಳಲಿಲ್ಲ, 1936ರಲ್ಲಿ ದೇಹ ಮಾತ್ರ ಬಂತು. ಬತ್ತಿ ಹಚ್ಚಿ ಹೊರಬಂದು, ವಾರದ ನಡುವೆಯೇ ಅಮ್ಮನಿಗೆ ಫೋನ್ ಮಾಡಿದೆ. "ಈಗ ಹಚ್ಚಿದೆ" ಎಂದೆ. "ಆಯಿತು" ಎಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆ ನಾಲ್ಕೈದು ವಾರ ಅದೇ ನನಗೆ ಕಷ್ಟವಾದದ್ದು, ನಿಜ ಹೇಳಿದರೂ ಸುಳ್ಳಿನ ಹಾಗೆ ಕೇಳಿಸುವುದು.

ಕ್ರಿಸ್ಮಸ್ ರಾತ್ರಿ ಪೂಜೆಗೆ ಹೋದೆ. ಮರುದಿನ ಹಾಗೆಂದು ಹೇಳಿದಾಗ ಅಮ್ಮ ಶುಭಸಂದೇಶ ಯಾವುದೆಂದು ಕೇಳಲಿಲ್ಲ. ಸ್ವೆಟರ್ ಹಾಕಿಕೊಂಡಿದ್ದೆಯಾ ಎಂದಷ್ಟೇ ಕೇಳಿದಳು.

ಈಗ ತೆನೆ ಪುಣೆಗೆ ಕೊರಿಯರ್‌ನಲ್ಲಿ ಬರುತ್ತದೆ, ಅದೇ ನೋಟ್‌ಪುಸ್ತಕದ ಹಾಳೆಯಲ್ಲಿ. ಮಗಳು ಉಗುರಿನಿಂದ ಸುಲಿಯುತ್ತಾಳೆ, ಅರ್ಧ ನೆಲಕ್ಕೆ ಬೀಳಿಸುತ್ತಾಳೆ. ಕಳೆದ ಭಾನುವಾರ ಅಮ್ಮ ಎಂದಿನ ಪ್ರಶ್ನೆ ಕೇಳಿದಳು.

"ಇಲ್ಲ ಅಮ್ಮಾ. ರಾತ್ರಿಯಿಡೀ ಆಫೀಸಿನ ರಿಲೀಸ್ ಇತ್ತು, ಮಲಗಿಬಿಟ್ಟೆ."

"ಹ್ಞೂಂ" ಎಂದಳು. ಆಮೇಲೆ ಅವಳೇ ಆ ದಿನದ ಶುಭಸಂದೇಶ ಹೇಳತೊಡಗಿದಳು, ಮೊದಲಿನಿಂದ ಕೊನೆಯವರೆಗೆ. ಹೊಸ ಫಾದರ್ ಪ್ರಸಂಗ ತುಂಬಾ ಉದ್ದ ಮಾಡುತ್ತಾರೆ ಎಂಬ ದೂರನ್ನೂ ಸೇರಿಸಿ.