‘ಆಚಿ ದಂಡಿ ಎಲ್ಲೈತ್ರಿ ಸರ್?’

ನಮ್ಮ ಕಡೆಯ ಪ್ರೌಢಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಮುರುಡೇಶ್ವರ ಇಲ್ಲದಿರುವುದು ಅಪರೂಪ. ಬೇವೂರಿನಿಂದ ಹೊರಟ ಬಸ್ಸು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಗೋಕರ್ಣ, ಮುರುಡೇಶ್ವರ. ಮರಳುವಾಗ ಜೋಗವೋ ಶಿರಸಿಯೋ ಒಂದು. ಮೂರು ದಿನದಲ್ಲಿ ಏಳೆಂಟು ಸ್ಥಳ ಮುಗಿಸಬೇಕೆಂಬ ಅವಸರದಲ್ಲಿ ಮುರುಡೇಶ್ವರಕ್ಕೆ ಸಿಗುವುದು ಎರಡೇ ಗಂಟೆ. ದರ್ಶನ, ಫೋಟೋ, ನೀರಾಟ, ಐಸ್‌ಕ್ರೀಮು, ಬಸ್ಸಿನ ಹಾರನ್ನು. ಮಕ್ಕಳು ಸಮುದ್ರ ನೋಡಿದರು ಎಂದು ನಾವೂ ಬರೆದುಕೊಳ್ಳುತ್ತೇವೆ, ಪಾಲಕರೂ ನಂಬುತ್ತಾರೆ.

ನೋಡಲು ಅಲ್ಲಿ ಬೇಕಾದಷ್ಟಿದೆ ನಿಜ. ಮೂರು ಕಡೆ ಕಡಲು ಸುತ್ತುವರಿದ ಕಂದುಕ ಗಿರಿ; ಅದರ ಮೇಲೆ 123 ಅಡಿ ಎತ್ತರದ ಶಿವನ ಪ್ರತಿಮೆ; ಗುಡಿಯ ಮುಂದೆ ಇಪ್ಪತ್ತು ಅಂತಸ್ತಿನ, 237 ಅಡಿಗಿಂತ ಎತ್ತರದ ರಾಜಗೋಪುರ. ಉದ್ಯಮಿ ಆರ್. ಎನ್. ಶೆಟ್ಟರು ತಮ್ಮ ಹುಟ್ಟೂರಿಗೆ ಕೊಟ್ಟ ರೂಪ ಇದು. ಗೋಪುರ ಪೂರ್ಣಗೊಂಡದ್ದು 2008ರಲ್ಲಿ. ಒಳಗೆ ಲಿಫ್ಟ್ ಇದೆ, ಹದಿನೆಂಟನೆಯ ಅಂತಸ್ತಿನವರೆಗೆ ಒಯ್ಯುತ್ತದೆ. ಲಿಫ್ಟನ್ನೇ ಕಾಣದ ನಮ್ಮ ಹುಡುಗರಿಗೆ ಸಮುದ್ರಕ್ಕಿಂತ ಅದೇ ದೊಡ್ಡ ಸೋಜಿಗವಾದರೂ ಆಶ್ಚರ್ಯವಿಲ್ಲ!

ನಮ್ಮ ಮಕ್ಕಳಿಗೆ ನೀರೆಂದರೆ ಬೋರು, ಬಾವಿ, ಮಳೆ ಬಂದಾಗ ಹರಿಯುವ ಹಳ್ಳ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಎರೆಭೂಮಿ ನಮ್ಮದು. ಘಟ್ಟದ ಕೆಳಗೆ ಅದರ ಐದಾರು ಪಟ್ಟು ಸುರಿಯುತ್ತದೆ. ನಾವು ಕಂಡ ಅತಿ ದೊಡ್ಡ ನೀರು ಮುನಿರಾಬಾದಿನ ತುಂಗಭದ್ರಾ ಜಲಾಶಯ; ಅದಕ್ಕೂ ಆಚೆ ದಡವಿದೆ, ಗುಡ್ಡ ಕಾಣುತ್ತದೆ. ಹೀಗಾಗಿ ಮುರುಡೇಶ್ವರದ ಮರಳಿನ ಮೇಲೆ ನಿಂತ ಎಂಟನೆಯ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ಸುಮ್ಮನೆ ನೋಡಿ, ‘ಸರ್, ಇದರ ಆಚಿ ದಂಡಿ ಎಲ್ಲೈತ್ರಿ?’ ಎಂದು ಕೇಳಿದ್ದು ನನಗೆ ಬಹಳ ಸಹಜವಾಗಿ ಕಂಡಿತು. ಪ್ರವಾಸದ ಖರ್ಚೆಲ್ಲ ಆ ಒಂದು ಪ್ರಶ್ನೆಗೇ ಸಂದಿತು ಎನ್ನಬೇಕು.

ಆಚೆ ದಂಡೆ ಇದೆ. ಅಲ್ಲಿಂದ ನೇರ ಪಶ್ಚಿಮಕ್ಕೆ ಹೋದರೆ ಸುಮಾರು 2,800 ಕಿಲೋಮೀಟರ್ ದೂರದಲ್ಲಿ ಯೆಮೆನ್ ದೇಶದ ಕರಾವಳಿ. ಆದರೆ ನೀರಂಚಿನಲ್ಲಿ ನಿಂತ ಹುಡುಗನಿಗೆ ಕಾಣುವ ಸಮುದ್ರ ನಾಲ್ಕೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಭೂಮಿ ದುಂಡಗಿರುವುದರಿಂದ ಅದರಾಚೆಯ ನೀರು ತಗ್ಗಿಗೆ ಇಳಿದುಬಿಡುತ್ತದೆ. ಲೆಕ್ಕ ಸುಲಭ: ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಗೋಪುರದ ಮೇಲೆ 60 ಮೀಟರ್ ಎತ್ತರದಲ್ಲಿ ನಿಂತೆವು ಎನ್ನಿ, ದಿಗಂತ 27 ಕಿಲೋಮೀಟರಿನಾಚೆ ಸರಿಯುತ್ತದೆ.

ಇದನ್ನು ಪರೀಕ್ಷಿಸಲು ಅಲ್ಲಿಯೇ ಒಂದು ಸಾಧನವಿದೆ, ನೇತ್ರಾಣಿ ದ್ವೀಪ. ಹವಳದ ಬಂಡೆಗಳಿಗೆ, ಸ್ಕೂಬಾ ಮುಳುಗಿಗೆ ಹೆಸರಾದ ಈ ದ್ವೀಪ ತೀರದಿಂದ ಸುಮಾರು 19 ಕಿಲೋಮೀಟರ್ ದೂರ. ದಿಗಂತವೇ ನಾಲ್ಕೂವರೆ ಕಿಲೋಮೀಟರಿಗೆ ಮುಗಿದರೆ ಅದು ಕಾಣುವುದು ಹೇಗೆ? ಕಾಣುವುದು ಅದರ ಮೇಲ್ಭಾಗ ಮಾತ್ರ. ಬುಡದ ಹದಿನೈದು ಮೀಟರಿನಷ್ಟು ಭಾಗ ಭೂಮಿಯ ಉಬ್ಬಿನ ಹಿಂದೆ ಅಡಗಿರುತ್ತದೆ. ಗೋಪುರ ಏರಿದರೆ ಬುಡವೂ ಬಯಲಾಗುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಸೂಕ್ಷ್ಮ. ಶಾಲೆಯಲ್ಲಿ ದುರ್ಬೀನು ಇದ್ದರೆ ಒಯ್ಯಬೇಕು, ಹವೆಯೂ ತಿಳಿಯಾಗಿರಬೇಕು. ಭೂಮಿ ಗುಂಡಗಿದೆ ಎಂದು ಪುಸ್ತಕದ ಹಡಗಿನ ಚಿತ್ರ ತೋರಿಸಿ ಮೂವತ್ತು ವರ್ಷ ಹೇಳಿದ ಮೇಷ್ಟರಿಗೆ ಇದಕ್ಕಿಂತ ಬೇರೆ ಪ್ರೇಕ್ಷಣೀಯ ಸ್ಥಳ ಬೇಕೆ?

ಇಷ್ಟೆಲ್ಲ ಇದ್ದರೂ ಈಗ ಪಾಲಕರ ಮನಸ್ಸಿನಲ್ಲಿ ಮುರುಡೇಶ್ವರ ಎಂದರೆ ಬೇರೆಯೇ ನೆನಪು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದರು. ತೀರಕ್ಕೆ ಕೆಲಕಾಲ ಪ್ರವೇಶವನ್ನೇ ನಿರ್ಬಂಧಿಸಲಾಯಿತು. ಅದಾದ ಮೇಲೆ ಪಾಲಕರ ಸಭೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟಾಗ ಒಬ್ಬ ತಾಯಿ, ‘ದೇವರ ದರ್ಶನ ಮಾಡಿಸಿ ಕರಕೊಂಡು ಬರ್ರಿ ಸರ್, ನೀರಿನ ಹತ್ರ ಮಾತ್ರ ಬಿಡಬ್ಯಾಡ್ರಿ’ ಎಂದರು. ಸಮುದ್ರವೇ ಬೇಡ, ಹಂಪಿಗೆ ಹೋದರಾಯಿತು ಎಂದವರೂ ಇದ್ದರು. ಹೆತ್ತವರ ಆ ಭಯಕ್ಕೆ ಉತ್ತರ ಹೇಳದೆ ಸಹಿ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಕಡಲತೀರಕ್ಕೆ ಮೋಜಿಗೆ ಹೋಗುವ ರೂಢಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1750ರ ದಶಕದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಕಡಲ ನೀರಿನ ಸ್ನಾನ ಹಲವು ರೋಗಗಳಿಗೆ ಮದ್ದು ಎಂದು ಬರೆದ. ಬ್ರೈಟನ್ ಊರಿಗೆ ಜನ ಮುಗಿಬಿದ್ದರು. ಆದರೆ ಅವರು ಓಡಿಹೋಗಿ ನೀರಿಗೆ ಹಾರುತ್ತಿರಲಿಲ್ಲ. ಗಾಲಿಯ ಮೇಲಿನ ಮರದ ಕೋಣೆಯಲ್ಲಿ ಕುಳಿತು ನೀರಿನವರೆಗೆ ಹೋಗುತ್ತಿದ್ದರು. ಅಲ್ಲಿ ಅದೇ ಕೆಲಸಕ್ಕೆಂದು ಇದ್ದ ಗಟ್ಟಿಮುಟ್ಟಾದ ಹೆಂಗಸರು ಕೈಹಿಡಿದು ಮುಳುಗಿಸಿ ಎತ್ತುತ್ತಿದ್ದರು. ಈಗ ಓದಿದರೆ ನಗು ಬರುತ್ತದೆ. ಆದರೂ ಕೈಹಿಡಿಯಲು ಒಬ್ಬರಿದ್ದರಲ್ಲ! ನಲವತ್ತು ಮಕ್ಕಳಿಗೆ ಇಬ್ಬರು ಮೇಷ್ಟರು, ಅವರಿಗೂ ಈಜು ಬಾರದು ಎಂಬ ಸ್ಥಿತಿಯಲ್ಲಿ ಎಷ್ಟು ಬಸ್ಸುಗಳು ಇಂದಿಗೂ ಘಟ್ಟ ಇಳಿಯುತ್ತಿಲ್ಲ?

ಹೊರಡುವ ವಾರ ಮುಂಚೆ ನಾನು ತರಗತಿಗೆ ಒಂದು ದೊಡ್ಡ ಪರಾತ ತರಿಸಿದೆ. ಒಂದು ಬದಿಗೆ ಹಳ್ಳದ ಉಸುಕು ಹಾಕಿ ಇಳಿಜಾರು ಮಾಡಿ, ಅದರ ಮುಂದೆ ಉಸುಕಿನದೇ ಒಂದು ಒಡ್ಡು ಕಟ್ಟಿ, ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟೆ. ನೀರು ತುಂಬಿ, ಮೇಲೆ ಜೋಳದ ಹೊಟ್ಟು ಉದುರಿಸಿ, ಒಂದು ಪಟ್ಟಿಯಿಂದ ಅಲೆ ಎಬ್ಬಿಸಿದೆವು. ಅಲೆಗಳು ಒಡ್ಡು ಹಾರಿ ನೀರನ್ನು ದಡಕ್ಕೆ ತಳ್ಳುತ್ತವೆ. ಬಂದ ನೀರು ಮರಳಿ ಹೋಗಲೇಬೇಕಲ್ಲ? ಅದು ದಂಡೆಗುಂಟ ಸರಿದು, ಆ ಸಂದಿನಿಂದ ಒಮ್ಮೆಲೆ ಹೊರಗೆ ನುಗ್ಗುತ್ತದೆ. ಹೊಟ್ಟು ಸಾಲುಗಟ್ಟಿ ಆ ಸಂದಿನೊಳಗೆ ಹೋಗುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಕಡಲಿನಲ್ಲಿ ನಡೆಯುವುದೂ ಇದೇ. ಹಿಂದಕ್ಕೆ ಸೆಳೆಯುವ ಈ ಪ್ರವಾಹ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟುತ್ತದೆ. ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಈಜುವವರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಮೋಸವೆಂದರೆ, ಸೆಳೆತವಿರುವ ಕಡೆ ತಳ ಆಳವಾದ್ದರಿಂದ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ಅಕ್ಕಪಕ್ಕದಲ್ಲಿ ಅಲೆ ಅಬ್ಬರಿಸುತ್ತಿದ್ದರೆ ಅಲ್ಲಿ ಮಾತ್ರ ನೀರು ಶಾಂತವಾಗಿ, ತುಸು ಕಪ್ಪಗೆ ಕಾಣುತ್ತದೆ. ಏನೂ ಅರಿಯದವರು ಇಳಿಯುವುದು ಅಲ್ಲಿಯೇ.

ಹಾಗೆ ನೋಡಿದರೆ ನನಗೆ ಹೆಚ್ಚು ಹೆದರಿಕೆ ಈಜು ಬಲ್ಲ ಹುಡುಗರದೇ. ಬಾವಿಯಲ್ಲಿ ಕಲಿತವರು ಅವರು. ಬಾವಿಯ ನೀರು ನಿಂತಲ್ಲಿ ನಿಂತಿರುತ್ತದೆ, ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ. ಸೆಳೆತದಲ್ಲಿ ಸಿಕ್ಕವನು ಎಷ್ಟು ಕೈ ಬೀಸಿದರೂ ದಂಡೆ ದೂರವೇ ಹೋಗುತ್ತದೆ. ಕೊನೆಗೆ ಸೋಲುವುದು ತೋಳು. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬಾರದು. ತೇಲುತ್ತ, ಕೈ ಎತ್ತಿ ಕೂಗಬೇಕು. ಬಲವಿದ್ದರೆ ದಂಡೆಗುಂಟ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡಕ್ಕೆ ತಿರುಗಬೇಕು. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯುವ ಮಾತೇ ಇಲ್ಲ. ಇಳಿದರೂ ಜೀವರಕ್ಷಕರು ಇರುವ ಕಡೆ, ಮೊಣಕಾಲಿನವರೆಗೆ, ಹತ್ತು ಮಕ್ಕಳ ಗುಂಪಾಗಿ, ಸಮುದ್ರಕ್ಕೆ ಬೆನ್ನು ಕೊಡದೆ. ಮುಳುಗುತ್ತಿರುವ ಗೆಳೆಯನನ್ನು ಹಿಡಿಯಲು ತಾನೂ ನೀರಿಗೆ ಬೀಳಬಾರದು ಎಂಬುದನ್ನು ಮಾತ್ರ ಮೂರು ಸಲ ಹೇಳಿಸಿದೆ. ಪಾಲಕರ ಮುಂದೆ ಪರಾತದ ಪ್ರಯೋಗವನ್ನು ಮಕ್ಕಳೇ ಮಾಡಿ ತೋರಿಸಿದರು. ದರ್ಶನ ಮಾತ್ರ ಸಾಕು ಎಂದಿದ್ದ ತಾಯಿ ಸಹಿ ಹಾಕಿದರು. ಹಾಕದ ಇಬ್ಬರ ಮೇಲೆ ನನಗೆ ಬೇಸರವಿಲ್ಲ.

ಉಳಿದ ಸ್ಥಳಗಳನ್ನು ಕಡಿತಗೊಳಿಸಿ ಮುರುಡೇಶ್ವರಕ್ಕೇ ಒಂದು ಪೂರ್ತಿ ದಿನ ಇಟ್ಟೆವು. ಬೆಳಿಗ್ಗೆ ನೀರಂಚಿನಲ್ಲಿ ಒಂದು ಕೋಲು ನೆಟ್ಟು ಗುಡಿಗೆ ಹೋದೆವು. ಬಂದು ನೋಡಿದರೆ ಕೋಲು ನೀರೊಳಗೆ! ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಸುಮಾರು ಐವತ್ತು ನಿಮಿಷ ತಡ, ಏಕೆಂದರೆ ಚಂದ್ರನೂ ಅಷ್ಟೇ ತಡವಾಗಿ ಬರುತ್ತಾನೆ. ಸಂಜೆ ಸೂರ್ಯನ ಕೆಳಅಂಚು ನೀರಿಗೆ ತಾಗಿದಾಗಿನಿಂದ ಪೂರ್ತಿ ಮುಳುಗುವವರೆಗೆ ಗಡಿಯಾರ ಹಿಡಿದು ಎಣಿಸಿದರು: ಎರಡು ನಿಮಿಷಕ್ಕೆ ತುಸು ಹೆಚ್ಚು.

ಒಬ್ಬ ಹುಡುಗಿ ಒಂದು ಲೀಟರಿನ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದಿದ್ದಳು. ಊರಿಗೆ ಬಂದ ಮೇಲೆ ಮಾಳಿಗೆಯ ಮೇಲೆ ತಾಟಿನಲ್ಲಿ ಹಾಕಿ ಒಣಗಿಸಿ, ಉಳಿದದ್ದನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿದಳು. ಮೂವತ್ತು ಗ್ರಾಮಿನ ಮೇಲೆ ಬಂತು. ಪುಸ್ತಕದ ಲೆಕ್ಕ 35. ನಮ್ಮ ಬೋರಿನ ಸವಳು ನೀರನ್ನು ದಿನಾ ಬೈಯುವ ಅವಳ ಅವ್ವ ಒಂದು ಹರಳು ನಾಲಿಗೆಗೆ ಹಚ್ಚಿ, ‘ಇದು ಉಪ್ಪಲ್ಲ, ಕಹಿ ಐತಿ’ ಎಂದರಂತೆ. ಅವರ ನಾಲಿಗೆ ಸರಿಯಾಗಿಯೇ ಹೇಳಿದೆ. ಕಡಲ ನೀರಿನಲ್ಲಿ ಅಡುಗೆ ಉಪ್ಪಿನ ಜತೆ ಮೆಗ್ನೀಸಿಯಂ ಲವಣಗಳೂ ಇವೆ, ಕಹಿ ಅವುಗಳದು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವುದು ಈ ಕಹಿ ನೀರೇ. ಅದನ್ನು ಬಿಟ್ಟು ಉಪ್ಪನ್ನಷ್ಟೇ ಬಾಚಿಕೊಳ್ಳುತ್ತಾರೆ. ಅವಳ ತಾಟಿನಲ್ಲಿ ಎರಡೂ ಕೂಡಿಯೇ ಒಣಗಿದ್ದವು.