ಚೆನ್ನೈ ಪಕ್ಕದ ನೇಸರೂರು

ಚೆನ್ನೈನಲ್ಲಿ ಏಪ್ರಿಲ್-ಮೇ ಬಂತೆಂದರೆ ಸೂರ್ಯನಿಗೆ ಕೈಮುಗಿಯುವವರಿಗಿಂತ ಬೈಯುವವರೇ ಹೆಚ್ಚು. ಆದರೆ ಇದೇ ಊರಿನ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿ ಹೋದರೆ, ತಿರುವಳ್ಳೂರು ಜಿಲ್ಲೆಯಲ್ಲಿ ಸೂರ್ಯನ ಹೆಸರನ್ನೇ ಇಟ್ಟುಕೊಂಡ ಒಂದು ಹಳ್ಳಿಯಿದೆ: ಞಾಯಿರು. ತಮಿಳಿನಲ್ಲಿ ಞಾಯಿರು ಎಂದರೆ ಸೂರ್ಯ. ಭಾನುವಾರಕ್ಕೂ ಅದೇ ಹೆಸರು.

ಇಲ್ಲಿನ ದೇವರು ಪುಷ್ಪರಥೇಶ್ವರ, ಅಮ್ಮನವರು ಸ್ವರ್ಣಾಂಬಿಕೆ. ಸೂರ್ಯನೇ ಶಿವನನ್ನು ಪೂಜಿಸಿದ ಜಾಗ ಇದು ಎನ್ನುತ್ತದೆ ಸ್ಥಳಪುರಾಣ. ಸೂರ್ಯ ಕಣ್ಣಿನ ದೇವತೆಯಾದ್ದರಿಂದ ದೃಷ್ಟಿದೋಷ ಇರುವವರು ಹರಕೆ ಹೊತ್ತು ಬರುತ್ತಾರೆ.

ಕಣ್ಣಿನ ಇನ್ನೊಂದು ಕಥೆಯೂ ಈ ಊರಿಗೆ ಅಂಟಿಕೊಂಡಿದೆ. ಶಿವಭಕ್ತ ಸುಂದರರ್ ಅವರ ಎರಡನೆಯ ಹೆಂಡತಿ ಸಂಗಿಲಿ ಹುಟ್ಟಿದ್ದು ಞಾಯಿರಿನಲ್ಲಿ ಎಂದು 12ನೆಯ ಶತಮಾನದ ‘ಪೆರಿಯ ಪುರಾಣಂ’ ಹೇಳುತ್ತದೆ. ಈಗ ಮೆಟ್ರೋ ಹೋಗುವ ತಿರುವೊಟ್ಟಿಯೂರಿನಲ್ಲಿ ಅವರ ಮದುವೆ. ನಿನ್ನ ಬಿಟ್ಟು ಹೋಗುವುದಿಲ್ಲ ಎಂದು ಆಣೆ ಇಟ್ಟವರು ತಿರುವಾರೂರಿನ ಸೆಳೆತ ತಾಳದೆ ಹೊರಟುಬಿಟ್ಟರು. ಊರ ಗಡಿ ದಾಟುತ್ತಲೇ ಎರಡೂ ಕಣ್ಣು ಹೋದವು. ಕಂಚಿಯಲ್ಲಿ ಒಂದು, ತಿರುವಾರೂರಿನಲ್ಲಿ ಇನ್ನೊಂದು ಮರಳಿ ಬಂತು. ನಮ್ಮ ಹರಿಹರನ ‘ನಂಬಿಯಣ್ಣನ ರಗಳೆ’ಯ ನಂಬಿಯಣ್ಣ ಇವರೇ. ಹಾಗಾಗಿ ಈ ಊರು ಕನ್ನಡಿಗರಿಗೆ ತೀರಾ ಪರಸ್ಥಳವೇನಲ್ಲ.

ಊರಿನ ಹೆಸರಂತೂ ಇನ್ನೂ ಹತ್ತಿರದ್ದು. ತಮಿಳಿನ ಕೆಲವು ಪದಗಳಲ್ಲಿ ‘ಯ’ ಇರುವಲ್ಲಿ ಕನ್ನಡದಲ್ಲಿ ‘ಸ’ ಇರುತ್ತದೆ. ಅವರ ಉಯಿರ್ ನಮ್ಮ ಉಸಿರು, ಪೆಯರ್ ನಮ್ಮ ಹೆಸರು, ವಯಿರು ನಮ್ಮ ಬಸಿರು. ಅದೇ ದಾರಿಯಲ್ಲಿ ಞಾಯಿರು ನಮ್ಮ ನೇಸರು. ಒಂದೇ ಬೇರಿನ ಪದ. ವ್ಯತ್ಯಾಸ ಇಷ್ಟೇ: ತಮಿಳರು ವಾರಕ್ಕೊಮ್ಮೆಯಾದರೂ ‘ಞಾಯಿರು’ ಎನ್ನುತ್ತಾರೆ. ನಾವು ಭಾನುವಾರ, ಆದಿತ್ಯವಾರ, ರವಿವಾರ ಎಂದು ಮೂರು ಸಂಸ್ಕೃತ ಹೆಸರು ಇಟ್ಟುಕೊಂಡು ನೇಸರನ್ನು ಕವಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಚೆನ್ನೈನಲ್ಲಿ ಬೆಳೆಯುವ ನಮ್ಮ ಮಕ್ಕಳು ‘ಞಾಯಿರು’ ಬಲ್ಲರು, ‘ನೇಸರು’ ಅರಿಯರು.

ಒಂದು ಪದ ಹೋದರೆ ಏನಾಯಿತು ಎನ್ನಬಹುದು. ಅದಕ್ಕೆ ಉತ್ತರ ಈಜಿಪ್ಟಿನಲ್ಲಿದೆ. ಅಲ್ಲಿನ ಸೂರ್ಯದೇವ ರಾ. ಹಗಲು ದೋಣಿಯಲ್ಲಿ ಆಕಾಶ ದಾಟಿ, ರಾತ್ರಿ ಪಾತಾಳದಲ್ಲಿ ಅಪೆಪ್ ಎಂಬ ಸರ್ಪವನ್ನು ಗೆದ್ದು, ಬೆಳಿಗ್ಗೆ ಮತ್ತೆ ಹುಟ್ಟುವವನು. ರಾಜರು ತಮ್ಮನ್ನು ರಾ ಮಗನೆಂದೇ ಕರೆದುಕೊಂಡರು. ಅವನ ನಗರವನ್ನು ಗ್ರೀಕರು ಹೀಲಿಯೊಪೊಲಿಸ್, ಅಂದರೆ ಸೂರ್ಯನೂರು, ಎಂದರು. ಆ ಜಾಗ ಈಗ ಕೈರೋದ ಬಡಾವಣೆಗಳಡಿ ಸೇರಿಹೋಗಿದೆ. ಅದರ ಗುರುತಾಗಿ ಸುಮಾರು 4000 ವರ್ಷ ಹಳೆಯ ಕಲ್ಲಿನ ಕಂಬವೊಂದು ಇನ್ನೂ ನಿಂತಿದೆ. ರಾನ ಪೂಜೆ ನಿಂತಿತು, ಆ ಚಿತ್ರಲಿಪಿ ಓದಬಲ್ಲವರೂ ಇಲ್ಲವಾದರು.

ಆದರೆ ಆ ಭಾಷೆಯ ಮೊಮ್ಮಗಳಂಥ ಕಾಪ್ಟಿಕ್, ಅಲ್ಲಿನ ಕ್ರೈಸ್ತರ ಪ್ರಾರ್ಥನೆಗಳಲ್ಲಿ ಉಳಿದುಕೊಂಡಿತ್ತು. ಅದರಲ್ಲಿ ಸೂರ್ಯನಿಗೆ ‘ರೇ’ ಎನ್ನುತ್ತಾರೆ. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋಂ ಒಂದು ರಾಜನಾಮವನ್ನು ನೋಡುತ್ತಿದ್ದಾಗ ಮೊದಲಿಗೆ ಸೂರ್ಯನ ದುಂಡು ಚಿತ್ರ ಕಂಡಿತು. ಕಾಪ್ಟಿಕ್ ಬಲ್ಲ ಅವನು ಅದನ್ನು ‘ರೇ’ ಎಂದು ಓದಿದ. ರಾಮ್ಸೆಸ್ ಎಂಬ ಹೆಸರು ಹೊರಬಂತು. ಲಿಪಿಯ ಬಾಗಿಲು ತೆರೆಯಲು ನೆರವಾದದ್ದು ಯಾರೋ ಬಿಡದೆ ಬಳಸಿಕೊಂಡು ಬಂದಿದ್ದ ಒಂದು ಪುಟ್ಟ ಪದ.

ಞಾಯಿರಿಗೆ ಭಾನುವಾರ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು, ಬಿಸಿಲು ಏರುವ ಮೊದಲೇ ದರ್ಶನ ಮುಗಿಯುತ್ತದೆ. ಮಕ್ಕಳು ಜೊತೆಗಿದ್ದರೆ ದಾರಿಯಲ್ಲಿ ಆ ನಾಲ್ಕು ಜೋಡಿ ಪದ ಹೇಳಿಕೊಡಿ. ಮೂರು ಅವರಿಗೆ ಎರಡೂ ಭಾಷೆಯಲ್ಲಿ ಗೊತ್ತಿರುತ್ತವೆ. ನಾಲ್ಕನೆಯದನ್ನು ಅವರೇ ಊಹಿಸಲಿ.